ನೀಲಕ್ಕನ ಆರು ಅಡಿ ರೀಲು

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆ ಸಾಲಾಗಿ ನಿಲ್ಲುವ ಗೋಬಿ ಮಂಚೂರಿ ಗಾಡಿಗಳನ್ನು ಕಂಡರೆ ನಾನು ಈಗ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತೇನೆ. ಮೊನ್ನೆ ತಂಗಿಯ ಮೊಮ್ಮಗಳು ಕೈ ಹಿಡಿದು ಎಳೆದಳು, ತಪ್ಪಿಸಿಕೊಳ್ಳಲಾಗಲಿಲ್ಲ. ಗಾಡಿಯವನು ಕಾದ ಬಾಣಲೆಗೆ ಬಾಟಲಿಯಿಂದ ವಿನೆಗರ್ ಸುರಿದ. ಚುರ್ ಎಂದು ಎದ್ದ ಹುಳಿ ಹೊಗೆ ನೇರ ಮೂಗಿಗೆ ಬಂತು. ಅಷ್ಟೇ, ನನ್ನ ಕಣ್ಣಲ್ಲಿ ನೀರು. "ಖಾರದ ಘಾಟು ರೀ ಆಂಟಿ, ಹಿಂದಕ್ಕ ಸರೀರಿ" ಎಂದ ಅವನು. ಹೌದಪ್ಪ, ಘಾಟು ಎಂದೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಅದು ಯಾವ ಆಮ್ಲ, ಯಾವುದರಿಂದ ಹುಟ್ಟುತ್ತದೆ, ಯಾವುದನ್ನು ತಿನ್ನುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆಯೋ. ಬೇಕಾದ ಹೊತ್ತಿಗೆ ಮಾತ್ರ ಒಂದಕ್ಷರವೂ ನೆನಪಾಗಲಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಶುರುವಾದದ್ದು ಇದು. ನಮ್ಮ ಕಡೆ ಮಳೆ ಬೀಳುವುದು ಕಡಿಮೆ, ಬೇರೆಲ್ಲೋ ಬಿದ್ದದ್ದು ಬಂದು ಸೇರುವುದೇ ಹೆಚ್ಚು. ಡ್ಯಾಮಿನ ಗೇಟು ತೆರೆದರು ಎಂದರೆ ಊರಿಗೆ ಊರೇ ಎದ್ದು ನೀರು ನೋಡಲು ಹೊರಡುತ್ತದೆ. ಹಾಗೆ ಎಲ್ಲರೂ ನೀರು ನೋಡಲು ಹೋಗಿದ್ದ ಒಂದು ಭಾನುವಾರ ಸಂಡೂರಿನಿಂದ ರಜಾಕ್ ಸಾಹೇಬರ ಫೋನ್ ಬಂತು. ಏರ್‌ಫೋರ್ಸಿನಲ್ಲಿ ಸಾರ್ಜೆಂಟ್ ಆಗಿದ್ದು, ಆಮೇಲೆ ಗಣಿಯ ಲಾರಿಗಳ ರಿಪೇರಿ ನೋಡಿಕೊಂಡಿದ್ದವರು. ಅವರ ಮಗಳು ನನ್ನ ಹತ್ತಿರ ಓದಿದವಳು.

"ಟೀಚರ್, ಎಪ್ಪತ್ತೊಂದರ ವಾರ್ ಟೈಮಿನ್ಯಾಗ ನಮ್ಮ ಏರ್‌ಫೀಲ್ಡಿನ ಮ್ಯಾಲೆ ಸರ್ಕಾರದವರು ಒಂದು ಪಿಚ್ಚರ್ ತೆಗೆದಿದ್ರು. ಅದನ್ನ ಈಗ ತೊಳದು, ರಿಪೇರಿ ಮಾಡಿ, ಹೊಸದು ಮಾಡ್ಯಾರಂತ. ಊರೂರಿಗೆ ತಂದು ತೋರಸ್ತಾರ, ನಮ್ಮಂಥ ಮುದುಕರಿಗೆಲ್ಲ ಶಾಲು ಹೊದಸ್ತಾರ. ಡಿಸೆಂಬರಿಗೆ ಹೊಸಪೇಟಿಗೆ ಬರ್ತದ. ಕಂಪ್ಲಿ ಗಿರಣಿ ನೀಲಮ್ಮಗ ನೀವ ಹೇಳ್ಬೇಕು. ನಾ ಹೇಳಿದ್ರ ಆಕಿಗೆ ತ್ರಾಸ ಆಗ್ತದ."

ತ್ರಾಸ ಆಗುವುದು ಯಾರಿಗೆಂದು ನನಗೆ ಗೊತ್ತಿತ್ತು. ಆ ಏರ್‌ಫೀಲ್ಡಿನಲ್ಲಿ ರಜಾಕ್ ಸಾಹೇಬರೂ ನೀಲಕ್ಕನ ಗಂಡ ವಿರೂಪಾಕ್ಷಪ್ಪನೂ ಜೊತೆಗಾರರು. ವಿಮಾನದ ಗಾಲಿ, ಬ್ರೇಕು ನೋಡಿಕೊಳ್ಳುವ ಕೆಲಸ ಇಬ್ಬರದೂ. ಒಂದು ಮುಂಜಾನೆ ಬಿದ್ದ ಬಾಂಬಿಗೆ ಒಬ್ಬರು ಉಳಿದರು, ಒಬ್ಬರು ಹೋದರು. ಉಳಿದವರು ಐವತ್ತು ವರ್ಷವಾದರೂ ಹೋದವನ ಹೆಂಡತಿಯ ಎದುರು ನಿಂತು ಸರಿಯಾಗಿ ಮಾತಾಡಲಾರರು.

ನನಗೂ ಈ ಕಥೆಗೂ ಏನು ಸಂಬಂಧ ಎಂದರೆ, ನಮ್ಮಪ್ಪ. ಅಪ್ಪ ಹೊಸಪೇಟೆಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದ. ಆ ಟಾಕೀಸು ಈಗಿಲ್ಲ, ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಗೋದಾಮಿದೆ. ಆಗೆಲ್ಲ ದೊಡ್ಡ ಪಿಚ್ಚರಿಗೆ ಮುಂಚೆ ಸರ್ಕಾರದ ನ್ಯೂಸ್ ರೀಲು ಹಾಕಲೇಬೇಕಿತ್ತು. ಹಾಕುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ಬೀಡಿ, ಚಾ, ಮಂಡಕ್ಕಿ ಎಲ್ಲ ಮುಗಿಸಿಕೊಂಡು ಜನ ಒಳಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. "ಖಾಲಿ ಕುರ್ಚಿಗೆ ಪುರಾಣ ಹೇಳೋ ನೌಕರಿ ನಂದು" ಎನ್ನುತ್ತಿದ್ದ ಅಪ್ಪ.

ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಅಂಥ ಒಂದು ನ್ಯೂಸ್ ರೀಲಿಗೆ ಗಿರಾಕಿ ಬಂದಳು. ಹದಿನೆಂಟರ ಹುಡುಗಿ, ಹಣೆಯಲ್ಲಿ ಬರೀ ವಿಭೂತಿ, ಜೊತೆಗೆ ಅತ್ತೆ. ಕಂಪ್ಲಿಯಿಂದ ಬಸ್ಸಿಗೆ ಬಂದು ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆಸಿ, ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಕೂರುತ್ತಿದ್ದರು. ನ್ಯೂಸ್ ರೀಲು ಮುಗಿದು, ಜನರ ಶಿಳ್ಳೆಯೊಂದಿಗೆ ದೊಡ್ಡ ಪಿಚ್ಚರ್ ಶುರುವಾಗುತ್ತಲೇ ಎದ್ದು ಹೊರಗೆ ಬರುತ್ತಿದ್ದರು. ಮೂರನೆಯ ದಿನ ಗೇಟಿನವನಿಗೆ ತಡೆಯಲಾಗಲಿಲ್ಲ. "ಯಮ್ಮಾ, ಪಿಚ್ಚರ್ ಈಗ ಸುರು ಆಗೈತಿ, ಎಲ್ಲಿ ಹೊಂಟ್ರಿ?" ಎಂದು ಕೇಳಿದ. "ನಮ್ಮ ಪಿಚ್ಚರ್ ಮುಗೀತಪ್ಪ" ಎಂದಳಂತೆ ಅತ್ತೆ.

ಆ ರೀಲಿನಲ್ಲಿ ವಿರೂಪಾಕ್ಷಪ್ಪ ನಾಲ್ಕು ಸೆಕೆಂಡು ಇದ್ದ; ಬೇರೆ ಊರಲ್ಲಿ ನೋಡಿದ ನೆಂಟರು ಯಾರೋ ಹೇಳಿದ್ದರಂತೆ. ವಿಮಾನ ಸರಿಯದಂತೆ ಗಾಲಿಗೆ ಅಡ್ಡ ಇಡುವ ಮರದ ತುಂಡನ್ನು ಹಗ್ಗ ಹಿಡಿದು ಎಳೆದುಕೊಂಡು, ನಗುತ್ತ, ನೇರ ಕ್ಯಾಮೆರಾದ ಕಡೆಗೆ ನಡೆದು ಬರುತ್ತಾನೆ. ಮುಂದಿನ ಕ್ಷಣಕ್ಕೆ ವಿಮಾನ ಆಕಾಶದಲ್ಲಿರುತ್ತದೆ. ಅಷ್ಟು ನೋಡಲು ಅತ್ತೆ ಸೊಸೆ ಒಂದು ವಾರ ಬಂದರು. ಶುಕ್ರವಾರ ಪಿಚ್ಚರ್ ಬದಲಾಗುತ್ತದೆ, ರೀಲು ಮುಂದಿನ ಊರಿಗೆ ಹೋಗುತ್ತದೆ ಎಂದು ಗುರುವಾರ ಗೇಟಿನವನು ಹೇಳಿದಾಗ ಆ ಹುಡುಗಿ ಟಾಕೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೇಲಿನ ಕಿಂಡಿಯಿಂದ ಅಪ್ಪ ನೋಡಿದ.

ಅಪ್ಪ ಆ ನಾಲ್ಕು ಸೆಕೆಂಡನ್ನು ಕತ್ತರಿಸಿದ. ಆರು ಅಡಿ ಉದ್ದ, ತೊಂಬತ್ತಾರು ಪುಟ್ಟ ಪುಟ್ಟ ಚಿತ್ರ. ಉಳಿದ ಎರಡು ತುದಿಗಳನ್ನು ಅಂಟಿಸಿ, ಕತ್ತರಿಸಿದ್ದನ್ನು ಸುತ್ತಿ, ಕೆಳಗಿಳಿದು ಬಂದು ಅವಳ ಕೈಯಲ್ಲಿಟ್ಟ. ಬೆಳಕಿಗೆ ಹಿಡಿದರೆ ಕಾಣಿಸ್ತಾರಮ್ಮ ಎಂದ. ಅಂಟಿಸುವ ಗಮ್ಮಿಗೆ ಕಳಿತ ಬಾಳೆಹಣ್ಣಿನ ವಾಸನೆ; ಆ ಸಂಜೆ ಮನೆಗೆ ಬಂದ ಅಪ್ಪನ ಕೈಗೂ ಅದೇ ವಾಸನೆ ಇದ್ದದ್ದು ನನಗೆ ನೆನಪಿದೆ. ಸಾಯುವವರೆಗೂ ಹೇಳಿಕೊಂಡ: "ನನ್ನ ಕೈಲೆ ಒಂದ ಒಳ್ಳೆ ಕೆಲಸ ಆಗೈತಿ. ಅದೂ ಕಳವು."

ನೀಲಕ್ಕ ಮತ್ತೆ ಮದುವೆಯಾಗಲಿಲ್ಲ. ಸರ್ಕಾರ ಕೊಟ್ಟದ್ದರಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಬೆಲ್ಟು ಹರಿದರೆ ತಾನೇ ಜೋಡಿಸಿ, ಕಲ್ಲು ಸವೆದರೆ ತಾನೇ ಉಳಿ ಹಿಡಿದು ಕೂರುವ ಹೆಂಗಸು. ಗುರುವಾರ ಗಿರಣಿಗೆ ರಜೆ. ಅಂದು ತಲೆಗೆ ಸ್ನಾನ ಮಾಡಿ, ದೇವರ ಜಗಲಿಯ ಮೇಲಿನ ಬಟ್ಟೆಯ ಗಂಟು ಬಿಚ್ಚಿ, ಗವಾಕ್ಷಿಯ ಬೆಳಕಿಗೆ ರೀಲು ಹಿಡಿದು ನೋಡುತ್ತಿದ್ದಳು. ಅಪ್ಪ ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಕಂಪ್ಲಿಗೆ ಹೋಗಿ ಮಾತಾಡಿಸಿಕೊಂಡು, ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಬರುತ್ತಿದ್ದ.

ಇಪ್ಪತ್ತು ವರ್ಷದ ಹಿಂದೆ, ಅಪ್ಪನಿಗೆ ಒಬ್ಬನೇ ಬಸ್ಸು ಹತ್ತಲು ಆಗದಿದ್ದಾಗ ನಾನೂ ಜೊತೆಗೆ ಹೋದೆ. ಜಗಲಿಯ ಮೇಲೆ, ಊದುಬತ್ತಿಯ ಹೊಗೆಯಲ್ಲಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟ ರೀಲು ನೋಡಿ ನನಗೆ ತಡೆಯಲಾಗಲಿಲ್ಲ. ಧೂಳು, ತೇವ, ಹುಳ ಎಂದು ಅಲ್ಲೇ ಒಂದು ಪಾಠ ಮಾಡಿದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತರಿಸಿದೆ, ನಾಲ್ಕು ನುಸಿ ಗುಳಿಗೆ ಹಾಕಿದೆ, ಮುಚ್ಚಳದ ಸುತ್ತ ಟೇಪು ಅಂಟಿಸಿದೆ.

"ಹತ್ತಿ ಅರಿವ್ಯಾಗ ಛಲೋ ಇತ್ತಲ್ಲವಾ" ಎಂದ ಅಪ್ಪ ಮೆಲ್ಲಗೆ.

"ಅಪ್ಪಾ, ನಿನಗ ಗೊತ್ತಾಗಂಗಿಲ್ಲ, ಇದು ಸೈನ್ಸು" ಎಂದೆ. "ನೀಲಕ್ಕಾ, ಮ್ಯಾಲಿಂದ ಮ್ಯಾಲೆ ತೆರಿಬ್ಯಾಡ್ರಿ. ಗಾಳಿ ತಾಗಿದ್ರ ಕೆಡ್ತದ."

"ಆತ್ರಿ ಟೀಚರ್" ಎಂದಳು ನೀಲಕ್ಕ.

ಅಪ್ಪ ಮುಂದಿನ ವರ್ಷ ತೀರಿಕೊಂಡ. ದೀಪಾವಳಿಯ ಮರುದಿನಗಳ ಕಂಪ್ಲಿ ಪ್ರಯಾಣ ನನ್ನ ಪಾಲಿಗೆ ಬಂತು. ಬಾಳೆಗೊನೆಯೂ ಬಂತು.

ರಜಾಕ್ ಸಾಹೇಬರ ಫೋನ್ ಬಂದ ವಾರ ನಾನು ಕಂಪ್ಲಿಗೆ ಹೋದೆ. ಹೊಳೆ ಸೇತುವೆಯ ಮೇಲೆ ಹತ್ತಿತ್ತು, ಗಂಗಾವತಿ ಕಡೆಯ ಬಸ್ಸುಗಳೆಲ್ಲ ಈಚೆಗೇ ನಿಂತಿದ್ದವು. ದಂಡೆಯ ಬಾಳೆತೋಟಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ನೀಲಕ್ಕ ಗಿರಣಿಯ ಮುಂದೆ ಕೂತು ಬೇರಿಂಗಿಗೆ ಗ್ರೀಸು ತುಂಬುತ್ತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗೆ. ವರ್ಷಗಟ್ಟಲೆ ಗಿರಣಿಯ ಸದ್ದಿಗೆ ಅವಳ ಎಡಗಿವಿ ಹೋಗಿತ್ತು, ಬಲಗಡೆಗೆ ಬಂದು ಜೋರಾಗಿ ಹೇಳಬೇಕು. ಹೇಳಿದೆ. ಅವಳ ಕೈ ನಿಂತಿತು.

"ನಡಕೊಂತ ಬರ್ತಾರೇನ್ರಿ?" ಎಂದು ಕೇಳಿದಳು.

"ಬರ್ತಾರ ನೀಲಕ್ಕ. ಆಗ ಹೆಂಗ ಬಂದಿದ್ರೋ ಹಂಗ."

ಅವಳು ಕೈ ಒರೆಸಿಕೊಂಡು ಒಳಗೆ ಹೋದಳು. ಚಾ ತರುತ್ತಾಳೆ ಅಂದುಕೊಂಡೆ, ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು. ಆವತ್ತು ಅವಳು ನನಗೆ ಹೇಳಿದ್ದನ್ನು ನಮ್ಮಪ್ಪನಿಗೂ ಯಾವತ್ತೂ ಹೇಳಿರಲಿಲ್ಲ.

"ಲಗ್ನ ಆದ ಮ್ಯಾಲೆ ಅವರು ಇದ್ದದ್ದು ನಲವತ್ತು ದಿನ. ಹಂಪಿ ಸ್ವಾಮಿಗೆ ಹೋಗಿದ್ವಿ." ಗಂಡನದೂ ಹಂಪಿಯ ದೇವರದೂ ಒಂದೇ ಹೆಸರಾದ್ದರಿಂದ ಅವಳು ದೇವರ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. "ಹಂಪಿ ಬಜಾರದಾಗ ಅವರು ಮುಂದ, ನಾ ಹತ್ತು ಹೆಜ್ಜಿ ಹಿಂದ. ಆಗ ಹಂಗ ಅಲ್ರಿ, ಸರಿಸಮ ನಡಿಯೋದು ಎಲ್ಲಿತ್ತು. ಎಡಕ್ಕ ಒಂಚೂರು ವಾಲಿ ನಡೀತಿದ್ರು. ಬೆನ್ನು ನೋಡಿಕೋಂತ ಹೋದೆ, ಬೆನ್ನು ನೋಡಿಕೋಂತ ಬಂದೆ. ಮನ್ಯಾಗ ಅವರು ಒಳಗ ಬಂದ್ರ ನಾ ತಲಿ ಬಗ್ಗಿಸಿಕೊಂಡು ಅಡಗಿಮನಿಗೆ ಹೋಗ್ತಿದ್ದೆ. ಟೇಸನ್ನಿಗೆ ಹೋಗೋವಾಗೂ ಬೆನ್ನ. ನನ್ನ ಕಡಿಗೆ ನಡಕೊಂತ ಬಂದದ್ದು ಅಂದ್ರ ಟಾಕೀಸಿನ್ಯಾಗ ಒಂದ. ರೀಲಿನ್ಯಾಗ ನಿಂತಾರ, ನಿಂತ ಇರ್ತಾರ. ನಿಂತದ್ದು ಬ್ಯಾಡ ನನಗ. ಬರೋದು ನೋಡ್ಬೇಕು, ಒಮ್ಮೆ."

ಮಾತು ತಿರುಗಿಸಲು, ಡಬ್ಬಿ ಹೇಗಿದೆ, ಗುರುವಾರ ನೋಡುತ್ತೀರೋ ಇಲ್ಲವೋ ಎಂದು ಕೇಳಿದೆ.

"ಎಲ್ಲಿ ನೋಡ್ತೀನ್ರಿ. ನೀವು ಟೇಪು ಹಚ್ಚಿ ಹೋದ ದಿನದಿಂದ ತೆಗೆದ ಇಲ್ಲ. ಗಾಳಿ ತಾಗಬಾರದು ಅಂದಿದ್ರಲ್ಲ" ಎಂದಳು. ಡಬ್ಬಿಗೆ ಊದುಬತ್ತಿ ಬೆಳಗಿ ಇಡುತ್ತಾಳಂತೆ.

ಇಪ್ಪತ್ತು ವರ್ಷ. ಮ್ಯಾಲಿಂದ ಮ್ಯಾಲೆ ತೆರೆಯಬೇಡಿ ಎಂದರೆ ಅವಳು ತೆರೆಯಲೇ ಇಲ್ಲ. ನಾನು ವರ್ಷ ವರ್ಷ ಅದೇ ಮನೆಗೆ ಹೋಗಿ ಬಾಳೆಹಣ್ಣು ತಿಂದು ಬಂದವಳು, ಒಂದು ಸಲವೂ ಕೇಳಿರಲಿಲ್ಲ. ಬೇಸರವಾಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಯಿತು: ಹಾಗಿದ್ದರೆ ಚೆನ್ನಾಗಿಯೇ ಇರುತ್ತದೆ ಎಂದು.

ವಾಪಸು ಬಂದ ಮೇಲೆ ಒಂದು ಹುಳ ತಲೆಯಲ್ಲಿ ಕೊರೆಯತೊಡಗಿತು. ಅಪ್ಪ ಕತ್ತರಿಸಿದ್ದು ಒಂದು ಪ್ರತಿ. ಬೇರೆ ಪ್ರತಿಗಳಲ್ಲಿ ಇರಬೇಕಲ್ಲ? ರಜಾಕ್ ಸಾಹೇಬರಿಂದ ನಂಬರು ಇಸಿದುಕೊಂಡು, ಚಿತ್ರವನ್ನು ಸರಿಪಡಿಸಿದ ಹುಡುಗನಿಗೆ ಫೋನ್ ಮಾಡಿದೆ. ದೂರದ ಊರಿನವನು, ಹಿಂದಿಯಲ್ಲಿ ಮಾತಾಡಿದ, ಬಹಳ ಮರ್ಯಾದಸ್ಥ. ಮೂಲದ ನೆಗೆಟಿವ್ ಹಾಳಾಗಿ ಹೋಗಿದೆಯಂತೆ. ಊರೂರು ತಿರುಗಿದ ಪ್ರತಿಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ. ವಿಮಾನ ಏರುವ ಮುಂಚೆ ಅದರಲ್ಲಿ ಒಂದು ಹಳೆಯ ಅಂಟು ಇತ್ತು, ನಾಲ್ಕೈದು ಸೆಕೆಂಡು ಹೋಗಿರಬಹುದು, ಆದರೆ ಚಿಂತೆ ಬೇಡ ಮೇಡಂ, ಆ ಹೊಲಿಗೆ ಕಾಣದ ಹಾಗೆ ಅಳಿಸಿದ್ದೇವೆ ಎಂದ. ರೀಲಿನ ತಲೆಯಲ್ಲಿ ಯಾರೋ ಸೂಜಿಯಿಂದ ಗೀಚಿದ್ದಾರೆ, ನಿಮ್ಮ ಲಿಪಿಯೇ ನೋಡಿ ಎಂದು ಫೋಟೊ ಕಳಿಸಿದ. 'ಹೊ.ಪೇ.' ಎಂದಿತ್ತು. ಪೇ ಅಕ್ಷರದ ದೀರ್ಘವನ್ನು ಅಷ್ಟು ಉದ್ದ ಎಳೆಯುತ್ತಿದ್ದವನು ನಮ್ಮಪ್ಪ ಒಬ್ಬನೇ.

ಅಪ್ಪನ ಅಕ್ಷರ ಕಂಡು ಖುಷಿಪಡಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ವಿಷಯ ಹೇಳಿದೆ. ಆ ಹುಡುಗ ಕುರ್ಚಿಯಿಂದ ಎದ್ದದ್ದು ಫೋನಿನಲ್ಲೇ ಕೇಳಿಸಿತು. ಆ ಆರು ಅಡಿ ಇನ್ನೂ ಇದೆಯಾ? ಕಳಿಸಿಕೊಡಿ, ಜೋಡಿಸುತ್ತೇನೆ, ಅವರು ನಡೆದು ಬರುತ್ತಾರೆ ಎಂದ. ಆ ರಾತ್ರಿ ನಾನು ಹಾಯಾಗಿ ನಿದ್ದೆ ಮಾಡಿದೆ.

ಗುರುವಾರವೇ ಹೋದೆ. ನೆರೆ ಇಳಿದಿತ್ತು, ರಸ್ತೆಯ ತುಂಬ ಒಣಗಿದ ಕೆಸರು. ನಾನು ಎಲ್ಲ ಬಿಡಿಸಿ ಹೇಳಿದಾಗ ನೀಲಕ್ಕ ಮೊದಲು ಹೆದರಿದಳು.

"ಅಂದ್ರ ಇದು ಒಂದ ಇದ್ದದ್ದಾ? ಫೋಟೊ ತೆಗೆಸಿದ್ರ ಸ್ಟುಡಿಯೋದಾಗ ಒಂದು ಉಳಿತದಲ್ರಿ, ಹಂಗ ಅಂದ್ಕೊಂಡಿದ್ನಿ. ನಾ ಇಸ್ಕೊಂಡಿದ್ದಕ್ಕ ಯಾರೂ ಅವರನ್ನ ನೋಡಲಾರದಂಗ ಆತೇನು?"

"ಈಗ ಎಲ್ಲರೂ ನೋಡ್ತಾರ ನೀಲಕ್ಕ. ತೆಗೀರಿ ಡಬ್ಬಿ."

ಅವಳು ಜಗಲಿಗೆ ಕೈಮುಗಿದು ಡಬ್ಬಿ ಇಳಿಸಿದಳು. ಟೇಪು ಗಟ್ಟಿಯಾಗಿತ್ತು, ಚಾಕುವಿನಿಂದ ಸೀಳಿದೆ. ಮುಚ್ಚಳ ಏಳಲು ಒಂದಿಷ್ಟು ಹೊತ್ತು ಹಿಡಿಯಿತು. ಎದ್ದ ಕೂಡಲೇ ಇಬ್ಬರೂ ಮುಖ ಹಿಂದಕ್ಕೆ ತೆಗೆದೆವು.

"ಹುಳಿ ವಾಸನಿ ಯಾಕ ಬರಾಕತ್ತೈತಿ ಟೀಚರ್?"

ನನಗೆ ಆ ಕ್ಷಣವೇ ಗೊತ್ತಾಯಿತು. ಹಳೆಯ ಫಿಲ್ಮು ತಾನೇ ನಿಧಾನಕ್ಕೆ ಆಮ್ಲ ಬಿಡುತ್ತದೆ, ವಿನೆಗರಿನಲ್ಲಿರುವ ಆಮ್ಲವೇ. ಗಾಳಿಯಾಡಿದರೆ ಅದು ಹಾರಿಹೋಗುತ್ತದೆ. ಬಿಗಿದು ಮುಚ್ಚಿದರೆ ಒಳಗೇ ಉಳಿದು ಫಿಲ್ಮನ್ನೇ ತಿನ್ನುತ್ತದೆ. ಹತ್ತಿ ಬಟ್ಟೆಯಲ್ಲಿ, ಜಗಲಿಯ ಮೇಲೆ, ವಾರಕ್ಕೊಮ್ಮೆ ಬೆಳಕಿಗೆ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಗುತ್ತ ಇದ್ದ ಮನುಷ್ಯ ನನ್ನ ಸೈನ್ಸಿನ ಡಬ್ಬಿಯಲ್ಲಿ ಇಪ್ಪತ್ತೇ ವರ್ಷಕ್ಕೆ ಕರಗಿಹೋಗಿದ್ದ. ಸುರುಳಿ ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನ ಹಾಗೆ ಕಂದು ಉಂಡೆಯಾಗಿತ್ತು, ಮೇಲೆಲ್ಲ ಬಿಳಿ ಪುಡಿ. ನೀಲಕ್ಕ ಉಗುರಿನಿಂದ ಅದರ ತುದಿ ಹುಡುಕಿದಳು. ಅಂಚು ಮುರಿದು ಅವಳ ಮಡಿಲಲ್ಲಿ ಬಿತ್ತು. ಆಮೇಲೆ ಅವಳು ಮುಟ್ಟಲಿಲ್ಲ.

"ನಂದ ತಪ್ಪು ನೀಲಕ್ಕ. ನಾ ಹೇಳಿದ್ದಕ್ಕ ಹಿಂಗಾತು" ಎಂದೆ. ನಾನು ಅಳುತ್ತಿದ್ದೆ. ಅರವತ್ತು ದಾಟಿದ ಹೆಂಗಸು ಬೇರೆಯವರ ಮನೆಯ ನೆಲದ ಮೇಲೆ ಕೂತು ಸಣ್ಣ ಹುಡುಗಿಯಂತೆ ಅತ್ತೆ.

"ನೀವೇನು ಬೇಕಂತ ಮಾಡೀರೇನ್ರಿ. ಏಳ್ರಿ, ಮುಖ ತೊಳಕೊಳ್ರಿ" ಎಂದು ಅವಳೇ ತಂಬಿಗೆಯಲ್ಲಿ ನೀರು ತಂದಳು. ಆಮೇಲೆ, ನನಗಲ್ಲ, ಆ ಉಂಡೆಗೆ ಹೇಳಿದ ಹಾಗೆ ಹೇಳಿದಳು: "ಗುರುವಾರಕ್ಕೊಮ್ಮೆ ನೋಡಬಹುದಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆದರೂ ಉಂಡೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊರಿಯರ್ ಮಾಡಿದೆವು. ಅಕ್ಟೋಬರ್ ಹೋಯಿತು, ಭತ್ತದ ಕೊಯ್ಲು ಶುರುವಾಯಿತು. ನಾನು ದಿನಾ ಫೋನ್ ನೋಡುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಕಂಪ್ಲಿಗೆ ಹೋಗಲು ಮುಖವಿರಲಿಲ್ಲ. ಹೋಗದಿದ್ದಾಗ ನೀಲಕ್ಕ ಗೊನೆಯನ್ನೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು.

ನವೆಂಬರಿನ ಕೊನೆಗೆ ಆ ಹುಡುಗ ಫೋನ್ ಮಾಡಿದ. ಹೊರಗಿನ ಸುತ್ತಿನಲ್ಲಿ ಮೂರು ಚಿತ್ರ ಬಿಡಿಸಿಕೊಂಡು ಬಂದಿವೆ ಎಂದ. ದೃಶ್ಯದ ಮೊದಲ ಮೂರು. ಅದರಲ್ಲಿ ಮನುಷ್ಯ ಇನ್ನೂ ಬಂದಿಲ್ಲ. ಗಾಲಿ ಇದೆ, ನೆಲ ಇದೆ, ನೆಲದ ಮೇಲೆ ಬರುವವನ ನೆರಳು ಇದೆ. ಮೂರು ಚಿತ್ರವೆಂದರೆ ಒಂದು ಸೆಕೆಂಡಿನ ಎಂಟನೆಯ ಒಂದು ಪಾಲು, ಕಣ್ಣು ಮಿಟುಕಿಸಿದರೆ ಹೋಯಿತು. ಬೇಕಾದರೆ ಆ ನೆರಳನ್ನು ಐದು ಸೆಕೆಂಡು ನಿಲ್ಲಿಸಿ ತೋರಿಸುತ್ತೇನೆ, ಫೋಟೊವನ್ನೂ ಕಳಿಸುತ್ತೇನೆ, ಅಮ್ಮನನ್ನು ಕೇಳಿ ಎಂದ.

ಕೇಳಿದೆ. ಫೋನಿನ ಆಚೆ ಗಿರಣಿ ಓಡುತ್ತಿತ್ತು, ಅವಳು ಅದನ್ನು ನಿಲ್ಲಿಸಿ ಬಂದಳು.

"ನಿಂದ್ರಸಬ್ಯಾಡ ಅನ್ರಿ ಆ ಹುಡುಗಗ. ಫೋಟೊನೂ ಬ್ಯಾಡ. ನಿಂತದ್ದು ನೋಡಿ ನೋಡಿ ಸಾಕಾಗೈತಿ. ನೆಳ್ಳರ ಯಾಕಾಗವಲ್ದು, ನಡಕೊಂತ ಬರ್ಲಿ."

ಡಿಸೆಂಬರಿನಲ್ಲಿ, ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ, ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಥರ್ಮಾಕೋಲ್ ಹೃದಯ ಇನ್ನೂ ಗೋಡೆಯ ಮೇಲಿತ್ತು, ಅದರ ಮೇ‌ಲೆಯೇ ಪರದೆ ಬಿಟ್ಟಿದ್ದರು. ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದರು. ಮುಂದಿನ ಸಾಲಿನಲ್ಲಿ ಹಳೆಯ ಸೈನಿಕರು. ಸಡಿಲಾದ ಕೋಟುಗಳು, ಕೋಟಿನ ಮೇಲೆ ಪದಕಗಳು, ಸಾಲಿಗೆ ಸಾಲೇ ನುಸಿ ಗುಳಿಗೆಯ ವಾಸನೆ. ನಾನು ಸೆರಗು ಮೂಗಿಗೆ ಹಿಡಿದೆ. ರಜಾಕ್ ಸಾಹೇಬರು ಗಿರಣಿಯವ್ವನಿಗೆ ದಾರಿ ಬಿಡ್ರಿ ಎನ್ನುತ್ತ, ಅವಳ ಮುಖ ನೋಡದೆ, ಕುರ್ಚಿ ಒರೆಸಿ ಕೊಟ್ಟರು. ನೀಲಕ್ಕ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸೆರಗು ತಲೆಯ ಮೇಲೆ. ಆ ನಲವತ್ತು ದಿನಗಳಲ್ಲಿ ಉಟ್ಟದ್ದೇ ಆ ಸೀರೆ ಎಂದು ಆಮೇಲೆ ತಿಳಿಯಿತು. ಕೈಯಲ್ಲಿದ್ದ ಸಣ್ಣ ಗಂಟಿನಲ್ಲಿ ವಿಭೂತಿ ಇತ್ತು.

ನಾನು ಅವಳ ಪಕ್ಕ ಕೂತೆ. ಬಲಗಡೆಯ ಕುರ್ಚಿಯಲ್ಲಿ ಯಾರೋ ಅಧಿಕಾರಿ ಕೂತಿದ್ದರು, ಎಡಗಡೆಯದು ಖಾಲಿ ಇತ್ತು, ಎಡಗಡೆ ಕೂತೆ. ಯೋಚನೆ ಮಾಡಿದ್ದರೆ ಆ ಅಧಿಕಾರಿಯನ್ನು ಎಬ್ಬಿಸುತ್ತಿದ್ದೆ.

ಚಿತ್ರ ಶುರುವಾಯಿತು. ಕಪ್ಪು ಬಿಳುಪು, ಆದರೆ ನಿನ್ನೆ ತೆಗೆದಷ್ಟು ನಿಚ್ಚಳ. ಮುಂದಿನ ಸಾಲಿನಿಂದ "ಅರೇ, ನಮ್ಮ ಹ್ಯಾಂಗರು", "ಆ ಬಾವಿ ನೋಡ್ಲೇ" ಎಂದು ದನಿಗಳು ಎದ್ದವು. ಮುದುಕರು ಹುಡುಗರಾಗಿದ್ದರು, ಹುಡುಗರನ್ನು ನೋಡಿ ಅಳುತ್ತಿದ್ದರು. ನೀಲಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ರೆಪ್ಪೆ ಮಿಟುಕಿಸುತ್ತಿರಲಿಲ್ಲ, ನಾನು ನೋಡುತ್ತಲೇ ಇದ್ದೆ. ಎಷ್ಟೋ ಹೊತ್ತಿನಿಂದ ಹಾಗೇ ಕಣ್ಣು ಬಿಟ್ಟುಕೊಂಡಿದ್ದಳು, ಕಣ್ಣಂಚಿನಲ್ಲಿ ನೀರು ಇಳಿದಿತ್ತು. ಒಂದು ವಾರದಿಂದ ಮನೆಯಲ್ಲಿ ದೀಪ ನೋಡಿಕೊಂಡು ಅಭ್ಯಾಸ ಮಾಡಿದ್ದಳಂತೆ, ಅದನ್ನೂ ಆಮೇಲೆ ಹೇಳಿದಳು.

ಹುಡುಗ ನನಗೆ ಗುರುತು ಹೇಳಿದ್ದ: ಇಬ್ಬರು ಪೈಲಟ್‌ಗಳು ನಿಂತು ಚಾ ಕುಡಿಯುತ್ತಾರೆ, ಲೋಟ ಕೆಳಗಿಡುತ್ತಾರೆ, ಅದಾದ ಕೂಡಲೇ. ಪೈಲಟ್‌ಗಳು ಬಂದರು. ಚಾ ಕುಡಿದರು. ಒಬ್ಬ ಲೋಟ ಇಟ್ಟ, ಇನ್ನೊಬ್ಬ ಇಡಲು ಬಗ್ಗಿದ. ಅವಳಿಗೆ ತಪ್ಪಿಹೋಗಬಾರದು ಎಂದು ನಾನು ಬಗ್ಗಿ ಹೇಳಿದೆ.

"ನೀಲಕ್ಕ, ಈಗ."

ಕೇಳಿಸದ ಕಿವಿಯ ಕಡೆ ಯಾರೋ ಏನೋ ಅಂದರೆ ಮನುಷ್ಯರು ಏನು ಮಾಡುತ್ತಾರೆ? ಅವಳು "ಆಂ?" ಎಂದು ನನ್ನ ಕಡೆ ತಿರುಗಿದಳು.

ಅವಳ ಕೆನ್ನೆಯ ಮೇಲೆ ಪರದೆಯ ಬೆಳಕು ಒಂದು ಸಲ ಕದಲಿತು. ಅವಳು ತಿರುಗಿ ನೋಡುವಷ್ಟರಲ್ಲಿ ವಿಮಾನ ಆಕಾಶದಲ್ಲಿತ್ತು.

ನಾನು ಎದ್ದೆ. ನಿಲ್ಲಿಸಿ, ಹಿಂದಕ್ಕೆ ಹಾಕಿ ಎಂದು ಕೂಗಬೇಕೆಂದಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಗಿರಣಿ ನಡೆಸಿದ ಕೈ, ಬಿಡಿಸಿಕೊಳ್ಳಲು ಆಗುವುದಿಲ್ಲ. "ಕುಂದ್ರಿ ಟೀಚರ್" ಎಂದಳು. "ಮಂದಿ ನೋಡಾಕತ್ತಾರ, ಅವರ ಮಂದಿನ್ನ ಅವರು ನೋಡ್ಲಿ." ಚಿತ್ರ ಮುಗಿಯುವವರೆಗೆ ಕೈ ಬಿಡಲಿಲ್ಲ.

ದೀಪ ಹಾಕಿದ ಮೇಲೆ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದರು. "ದಿವಂಗತ ವಿರೂಪಾಕ್ಷಪ್ಪನವರ ಧರ್ಮಪತ್ನಿ" ಎಂದಾಗ ನೀಲಕ್ಕ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಶಾಲು ಹೊದಿಸುವಾಗ ರಜಾಕ್ ಸಾಹೇಬರು ಮುಖ ಬೇರೆ ಕಡೆ ತಿರುಗಿಸಿದ್ದರು, ಶಾಲು ಒಂದು ಕಡೆ ಜಾರಿತು. ನಿರೂಪಣೆಯ ಹುಡುಗಿ ಮೈಕು ಅವಳ ಬಾಯಿಯ ಹತ್ತಿರ ಹಿಡಿದು ಕೇಳಿದಳು: "ಅಮ್ಮಾ, ಇಷ್ಟು ವರ್ಷದ ಮೇಲೆ ನಿಮ್ಮ ಯಜಮಾನರ ನೆರಳು ಪರದೆ ಮೇಲೆ ಬಂತು. ನೋಡಿದ್ರಾ?"

ನಾನು ತಲೆ ತಗ್ಗಿಸಿದ್ದೆ. ಆಮೇಲೆ ಮೆಲ್ಲಗೆ ತಲೆ ಎತ್ತಿದೆ. ಅವಳು ಸಭೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು.

"ನೋಡಿದೆನ್ರಿ" ಎಂದಳು. "ಭಾಳ ಛಂದ ಕಂಡ್ರು."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಆಮೇಲೆ ನಾನು ಯಂತ್ರದ ಹತ್ತಿರ ಓಡಿದೆ. ಮರುದಿನ ಬೇರೆ ಊರಿನಲ್ಲಿ ಪ್ರದರ್ಶನವಿದ್ದದ್ದರಿಂದ ಅವರು ಆಗಲೇ ಎಲ್ಲ ಕಟ್ಟಿ ವ್ಯಾನಿಗೆ ಹಾಕಿದ್ದರು. ನೀಲಕ್ಕ ಬಾಗಿಲಲ್ಲಿ ನಿಂತು, ಬರ್ರಿ ಹೋಗೋಣು, ಗಿರಣಿಗೆ ಜೋಳ ತಂದವರು ಕಾಯತಿರ್ತಾರ ಎಂದು ಕರೆದಳು.

ಬಾಡಿಗೆ ಕಾರಿನಲ್ಲಿ ಕಂಪ್ಲಿಗೆ ಹೊರಟೆವು. ಈ ಸಲ ನಾನು ಅವಳ ಬಲಗಡೆ ಕೂತೆ. ಕಾಲುವೆಯ ಪಕ್ಕದ ರಸ್ತೆ, ಎರಡೂ ಕಡೆ ಕೊಯ್ದ ಗದ್ದೆ. ಅರ್ಧ ದಾರಿಯವರೆಗೂ ಅವಳು ಮಡಿಲಲ್ಲಿದ್ದ ಶಾಲಿನ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದಳು.

"ಟೀಚರ್, ನೀವು ನೋಡಿದ್ರಿ?"

ಆ ಹೊತ್ತಿಗೆ ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ಪರದೆಯ ಮೇಲೆ ಏನು ಬಂತು, ಏನು ಹೋಯಿತು, ನನಗೂ ಗೊತ್ತಿಲ್ಲ.

"ನೋಡಿದೆ ನೀಲಕ್ಕ" ಎಂದೆ.

"ಹೆಂಗಿತ್ರಿ ನೆಳ್ಳು?"

"ಎಡಕ್ಕ ಒಂಚೂರು ವಾಲಿತ್ತು."

ಅವಳು ಶಾಲಿನ ಅಂಚು ಬಿಟ್ಟಳು. "ಹೌದಲ್ರಿ? ನಾ ಹೇಳಿದ್ನಲ್ಲ?" ಎಂದಳು. ಕಿಟಕಿಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು, ಮನೆ ಬರುವವರೆಗೂ ಅತ್ತಳು. ಆ ದಿನ ಅವಳು ಅತ್ತದ್ದು ಅದೊಂದೇ ಸಲ.

ಜನವರಿಯಲ್ಲಿ ಆ ಹುಡುಗ ಇಡೀ ಚಿತ್ರವನ್ನು ನನ್ನ ಫೋನಿಗೆ ಕಳಿಸಿದ. ನೀಲಕ್ಕನಿಗೆ ಹೇಳಿದೆ. "ನನಗ್ಯಾಕ ಬೇಕ್ರಿ, ನೀವು ನೋಡೀರಲ್ಲ, ಸಾಕು" ಎಂದಳು. ನಾನೂ ಅದನ್ನು ತೆರೆದಿಲ್ಲ. ಬೆರಳು ಹತ್ತಿರ ಹೋಗುತ್ತದೆ, ವಾಪಸು ಬರುತ್ತದೆ. ತೆರೆದು ನೋಡಿ, ನೆರಳು ನೆಟ್ಟಗೆ ಇದ್ದರೆ? ನನ್ನಪ್ಪ ಕೊಟ್ಟದ್ದನ್ನು ನಾನು ಹಾಳುಮಾಡಿದೆ, ಉಳಿದ ಮೂರು ಚಿತ್ರವನ್ನೂ ತಪ್ಪಿಸಿದೆ. ಅವಳ ಹತ್ತಿರ ಈಗಿರುವುದು ನನ್ನ ಈ ಒಂದು ಮಾತು.

ಗುರುವಾರ ಗಿರಣಿಗೆ ರಜೆ. ಬೆಳಿಗ್ಗೆ ಸ್ನಾನ ಮುಗಿಸಿ ನೀಲಕ್ಕ ಫೋನ್ ಮಾಡುತ್ತಾಳೆ. ಮಳೆ ಬೆಳೆ ಕೇಳುತ್ತಾಳೆ, ನನ್ನ ಮೊಣಕಾಲು ನೋವು ಕೇಳುತ್ತಾಳೆ. ಆಮೇಲೆ "ಇನ್ನೊಮ್ಮೆ ಹೇಳ್ರಿ ಟೀಚರ್, ಹೆಂಗ ಬಂದ್ರು?" ಎನ್ನುತ್ತಾಳೆ.

"ಎಡಕ್ಕ ವಾಲಿಕೋಂತ, ನೀಲಕ್ಕ" ಎನ್ನುತ್ತೇನೆ. "ನಿಮ್ಮ ಕಡಿಗೇ ಬರಾಕತ್ತಿದ್ರು."